ಯಾವ ಹಸಿರು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಕ್ಷಮಿಸಿ. ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲುಗಳ ಒಳಗುಟ್ಟು ನನಗೆ ಅರ್ಧಂಬರ್ಧ ಗೊತ್ತು. ಹೇಳದೆ ಇರಲಾರದ್ದಕ್ಕೆ ಹೇಳುತ್ತಿದ್ದೇನೆ.

ಆ ಬೆಳಿಗ್ಗೆ ಪತ್ರ ಅವಳ ಹೆಸರಿಗೇ ಬಂದಿತ್ತು. ಕನ್ಸೋಲ್ ತಯಾರಿಸುವ ಕಂಪನಿಯಲ್ಲಿ, ಆಟಗಳು ಹೊರಬರುವ ಮುಂಚೆ ಆಡಿ ನೋಡಿ ಪಾಸು ಫೇಲು ಮಾಡುವ ಪರೀಕ್ಷಾ ಕೋಣೆಯಲ್ಲಿ ಅವಳಿಗದು ಮೂರನೆಯ ವರ್ಷ. ಬರೆದವಳು ದೋಣಿಯಾಟ ಎಂಬ ವಿಡಿಯೋ ಗೇಮ್ ತಯಾರಿಸಿದ ಹೆಂಗಸು. ಗಂಡ ಹೆಂಡತಿ ಇಬ್ಬರೇ ಕೂತು ನಾಲ್ಕು ವರ್ಷ ಮಾಡಿದ ಆಟ. "ತಾಯೀ, ಪರದೆ ಮೇಲೆ ತೋರಿಸೋ ಗುಂಡಿ ಗುರುತಿನ ಹಸಿರು ಸರಿಯಿಲ್ಲ ಅಂತ ನಮ್ಮ ಆಟ ವಾಪಸ್ ಮಾಡಿದ್ದೀರಿ. ಯಾವ ಹಸಿರು ಅಂತ ಹೇಳಿದರೆ ಇವತ್ತೇ ಬದಲಾಯಿಸ್ತೀವಿ. ತೊಂದರೆ ಕೊಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ."

ಪತ್ರ ಓದುತ್ತಿದ್ದವಳು ಆ ಆಟ ವಾಪಸ್ ಮಾಡಿರಲಿಲ್ಲ, ಪಾಸು ಮಾಡಿದ್ದಳು. ಆಟದ ನಡುವೆ, ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರಿನ ಬ್ಯಾಟರಿ ಕಿತ್ತರೆ ಆಟ ತಾನಾಗಿಯೇ ನಿಲ್ಲಬೇಕು ಎಂಬುದು ಪರೀಕ್ಷೆಯ ಪಟ್ಟಿಯ ಮುಖ್ಯ ನಿಯಮ. ಅವಳು ಹತ್ತು ಸಲ ಕಿತ್ತಿದ್ದಳು. ಹತ್ತು ಸಲವೂ ದೋಣಿ ನಡುನೀರಿನಲ್ಲಿ ನಿಂತು, ಅಂಬಿಗ ಹುಟ್ಟು ಎತ್ತಿ ಹಿಡಿದು ಕಾದಿದ್ದ. ಅದೇ ದಿನ ಒಂದು ಮನೆ ಆಟವನ್ನೂ ನೋಡಿದ್ದಳು. ಕಂಪನಿಯೇ ಮಾಡಿಸಿದ, ಬೇರೆ ಯಾರ ಕನ್ಸೋಲಿನಲ್ಲೂ ಸಿಗದ ಆಟಕ್ಕೆ ಕೋಣೆಯಲ್ಲಿ ಮನೆ ಆಟ ಎನ್ನುತ್ತಿದ್ದರು, ಉಳಿದವೆಲ್ಲ ಹೊರಗಿನವು. ಬ್ಯಾಟರಿ ಕಿತ್ತರೂ ಆ ಮನೆ ಆಟದ ಸೈನಿಕ ಓಡುತ್ತಲೇ ಹೋಗಿ ಪ್ರಪಾತಕ್ಕೆ ಬಿದ್ದ. ಅದನ್ನೂ ವರದಿಯ ಹಾಳೆಯಲ್ಲಿ ಬರೆದು ಫೇಲು ಮಾಡಿದ್ದಳು.

ಈಗ ಹಾಳೆಗಳನ್ನು ತೆಗೆದು ನೋಡಿದಳು. ಸೈನಿಕ ಪಾಸು, ದೋಣಿ ಫೇಲು, ಕಾರಣ ಹಸಿರು. ಎರಡರ ಕೆಳಗೂ ಅವಳದೇ ಹೆಸರು.

ಹಾಳೆ ತಿದ್ದುವ ಅಧಿಕಾರ ಇದ್ದದ್ದು ಒಬ್ಬನಿಗೇ. ಅವನು ಕೋಣೆಯ ಮುಖ್ಯಸ್ಥ, ಅವಳ ಒಡಹುಟ್ಟಿದ ಅಕ್ಕನ ಗಂಡ. ಕೆಲಸ ಕೊಡಿಸಿದವನೂ ಅವನೇ. ಆಫೀಸಿನಲ್ಲಿ ಸರ್, ಮನೆಯಲ್ಲಿ ಭಾವ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ.

ಅವಳು ಹೋಗಿ ಕೇಳಿದಾಗ ಅವನು ಇಲ್ಲ ಎನ್ನಲಿಲ್ಲ. ಎರಡೂ ಆಟ ಒಂದೇ ವಾರ ಹೊರಬರುವುದಿತ್ತು, ಮನೆ ಆಟದ ದಾರಿಗೆ ಯಾರೂ ಅಡ್ಡ ಬರಬಾರದೆಂದು ಮೇಲಿನವರ ಮಾತು. ಮರಳಿಸಿದ ಆಟ ಸರದಿಯ ಬಾಲಕ್ಕೆ ಹೋಗುತ್ತದೆ, ಎರಡು ತಿಂಗಳು ಅಷ್ಟೇ, ಅದಕ್ಕೇನು ಆಕಾಶ ಕಳಚಿ ಬೀಳುವುದಿಲ್ಲ ಎಂದ.

"ಜನ ನಮ್ಮ ಕನ್ಸೋಲ್ ಕೊಳ್ಳೋದೇ ಮನೆ ಆಟಕ್ಕೆ. ದೋಣಿ ಎಲ್ಲಾ ಕಡೆ ಸಿಗುತ್ತಮ್ಮ."

"ಮನೆ ಆಟ ವರ್ಷಕ್ಕೆ ಎರಡು ಬರುತ್ತೆ ಸರ್. ಉಳಿದ ದಿನ ಜನ ಆಡೋದು ಹೊರಗಿನವರದ್ದೇ. ಅವರು ಬರೋದು ಬಿಟ್ಟರೆ ಈ ಪೆಟ್ಟಿಗೆ ಮೇಲೆ ಹೂದಾನಿ ಇಡಬೇಕು."

"ಇದನ್ನ ಮೀಟಿಂಗಲ್ಲಿ ಹೇಳು, ಪ್ರಮೋಷನ್ ಕೊಡ್ತಾರೆ" ಎಂದು ಅವನು ನಕ್ಕ.

"ಯಾರನ್ನ ಮೊದಲು ಕೂರಿಸ್ತೀರೋ ನಿಮ್ಮಿಷ್ಟ. ಆದರೆ ಪಂಕ್ತಿಭೇದ ಮಾಡಿ, ಅದನ್ನ ನನ್ನ ಕೈಯಲ್ಲಿ ಬಡಿಸಿದ್ದೀರಿ."

ಅವನು ಬಾಗಿಲು ಮುಚ್ಚಿದೆಯೇ ಎಂದು ನೋಡಿದ. ಭಾನುವಾರ ಹೇಗೂ ಊಟಕ್ಕೆ ಬರುತ್ತೀಯಲ್ಲ, ಮನೆಯಲ್ಲಿ ಮಾತಾಡೋಣ ಎಂದ.

ಅವಳು ತನ್ನ ಮೇಜಿಗೆ ಬಂದು ಪತ್ರಕ್ಕೆ ಉತ್ತರ ಬರೆಯಲು ಕೂತಳು. ಎರಡು ಸಲ ತಪ್ಪು ಟೈಪಾಗಿ ಅಳಿಸಿದಳು. "ಮೇಡಂ, ನಿಮ್ಮ ಹಸಿರು ಸರಿಯಾಗಿದೆ. ದಯವಿಟ್ಟು ಬದಲಾಯಿಸಬೇಡಿ. ನಾನು ಪಾಸು ಮಾಡಿದ್ದೆ." ತನ್ನ ಹತ್ತಿರ ಉಳಿದಿದ್ದ, ತಿದ್ದುವುದಕ್ಕೆ ಮುಂಚಿನ ಎರಡೂ ಹಾಳೆ ಜೊತೆಗಿಟ್ಟಳು. ಒಂದು ಪ್ರತಿ ಅವನಿಗೆ, ಒಂದು ಅವನ ಮೇಲಿನವರಿಗೆ. ಕಳಿಸಿದಳು.

ಭಾನುವಾರ ಹೋಗದೆ ಇರಬಹುದಿತ್ತು. ಹೋದಳು. ಅಕ್ಕ ಹೊಸ ಪರದೆ ಬಟ್ಟೆಯ ವಿಷಯ ಹೇಳುತ್ತಾ ಬಡಿಸಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ನೀರಿನ ಜಗ್ಗು ಅವನ ಕೈಯ ಹತ್ತಿರ ಇತ್ತು.

"ಸರ್, ನೀರು ಕೊಡಿ."

ಅಕ್ಕ ನಕ್ಕುಬಿಟ್ಟಳು. "ಮನೇಲೂ ಸರ್ರಾ? ಏನೇ ಇದು ನಿನ್ನ ನಾಟಕ?"

ತಂಗಿ ಲೋಟವನ್ನು ಅವನತ್ತ ಸರಿಸಿದಳು. ಅಕ್ಕನ ನಗು ಅರ್ಧಕ್ಕೇ ನಿಂತಿತು. ಅವಳು ತಂಗಿಯನ್ನು ನೋಡಿದಳು, ಆಮೇಲೆ ಗಂಡನನ್ನು, ಸೌಟು ಕೈಯಲ್ಲೇ ಇತ್ತು. ಅವನು ಜಗ್ಗು ಎತ್ತಿ, ಒಂದು ಹನಿಯೂ ಚೆಲ್ಲದಂತೆ ಲೋಟದ ಅಂಚಿನವರೆಗೆ ತುಂಬಿದ. ಊಟ ಮುಗಿಯುವವರೆಗೂ ಆ ನೀರು ಹಾಗೇ ಇತ್ತು.

ದೋಣಿಯಾಟ ಆ ವಾರ ಹೊರಬಂತೋ, ಸೋಮವಾರ ಅವಳಿಗೆ ಕುರ್ಚಿ ಉಳಿದಿತ್ತೋ, ಅವಳು ಹೋದ ಮೇಲೆ ಅಕ್ಕ ಏನು ಕೇಳಿದಳೋ, ನನಗೆ ಗೊತ್ತಿಲ್ಲ.