ಇಸ್ತ್ರಿಪೆಟ್ಟಿಗೆ ನಿಲ್ಲಬಾರದು

ನನ್ನ ಗೆಳೆಯ ಬೀದಿಯಲ್ಲಿ ನಡೆಯುವಾಗ ಪೂರ್ಣವಿರಾಮ ಬಂದ ಕಡೆ ನಿಲ್ಲುತ್ತಿದ್ದ. ಅಲ್ಪವಿರಾಮಕ್ಕೆ ಅರ್ಧ ಹೆಜ್ಜೆ ತಡೆದು ಮುಂದೆ ಸಾಗುತ್ತಿದ್ದ. ರೇಡಿಯೊ ಕೇಂದ್ರಕ್ಕೆ ಸ್ಕ್ರಿಪ್ಟ್ ಬರೆಯುವುದು ಅವನ ಉದ್ಯೋಗ. ಬರೆದದ್ದನ್ನು ಗುನುಗುತ್ತ ನಡೆದು, ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿದರೆ, ಯಾರದೋ ಕಾಂಪೌಂಡ್ ಗೋಡೆಗೆ ಕಾಗದ ಒತ್ತಿಹಿಡಿದು ಅಲ್ಲೇ ವಾಕ್ಯವನ್ನು ಕತ್ತರಿಸುತ್ತಿದ್ದ. ಹಿಂದೆ ಬರುವ ಸೈಕಲ್ಲಿನವರು ಬೈದುಕೊಂಡು ಹೋಗುತ್ತಿದ್ದರು. ಬೀದಿ ಅವನಿಗೆ ಗುನುಗಪ್ಪ ಎಂದು ಹೆಸರಿಟ್ಟಿತ್ತು. ಅವನು ಅದಕ್ಕೆ ಓಗೊಡುತ್ತಲೂ ಇದ್ದ.

ಹನ್ನೆರಡು ತಿಂಗಳೂ ಒಂದೇ ಬೂದು ಕೋಟು. ಎಡಜೇಬಿನಲ್ಲಿ ಸ್ಟಾಪ್‌ವಾಚು, ಬಲಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದಗಳು. ಆ ಬಲಜೇಬು ಯಾವ ಕಾಲದಲ್ಲೋ ಹರಿದು, ಕಾಗದಗಳು ಅಸ್ತರಿನೊಳಕ್ಕೆ ಇಳಿದುಹೋಗಿದ್ದವು. ಅವನು ಕುರ್ಚಿಗೆ ಒರಗಿದರೆ ಬೆನ್ನ ಹಿಂದೆ ಹಳೆಯ ವಾಕ್ಯಗಳು ಚರಪರ ಎನ್ನುತ್ತಿದ್ದವು.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನಾನು ಮೆಚ್ಚಿದ ವಾಕ್ಯಗಳನ್ನೆಲ್ಲ ಅವನು ಸಂಶಯದಿಂದ ನೋಡುತ್ತಿದ್ದ. ಅವನ ನ್ಯಾಯಸ್ಥಾನ ಬೇರೆಯೇ ಇತ್ತು. ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ಅವನ ವಾಸ. ಕೆಳಗೆ ಬೀದಿಗೆ ತೆರೆದ ಕೋಣೆಯಲ್ಲಿ ಅತ್ತಿಗೆ ನಾಲ್ಕು ಮನೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಬರೆದ ಪ್ರತಿ ಪುಟವನ್ನೂ ಅವರ ಪಕ್ಕ ನಿಂತು ಓದುತ್ತಿದ್ದ. ಅವರ ಅಭಿಪ್ರಾಯ ಕೇಳುತ್ತಿರಲಿಲ್ಲ, ಅವರ ಕೈ ನೋಡುತ್ತಿದ್ದ. ರೇಡಿಯೊ ಕೇಳುವವರ ಕೈಗೆ ಯಾವಾಗಲೂ ಏನೋ ಕೆಲಸ ಇರುತ್ತದೆ. ಅರ್ಥಕ್ಕಾಗಿ ಕೆಲಸ ನಿಲ್ಲಿಸಬೇಕಾಯಿತೆಂದರೆ ತಪ್ಪು ಬರೆದವನದು ಎನ್ನುವುದು ಅವನ ಶಾಸ್ತ್ರ. ಇಸ್ತ್ರಿಪೆಟ್ಟಿಗೆ ಎಲ್ಲಿ ನಿಂತಿತೋ ಆ ವಾಕ್ಯಕ್ಕೆ ಕಾಟು.

ಅವನ ಕೊನೆಯ ದೊಡ್ಡ ಕೆಲಸ ನಮ್ಮ ಊರಿನ ಕೈಗವಸಿನ ಕಾರ್ಖಾನೆಯ ಕಥೆ. ಕಡಲಾಚೆಯ ಕೂಲಿಗಳು ತೊಡುವ ದಪ್ಪ ಕೈಗವಸುಗಳನ್ನು ಇಲ್ಲಿಯ ಹೆಂಗಸರು ಹೊಲಿಯುತ್ತಿದ್ದರು. ಕೊಳ್ಳುವ ದೇಶ ಸುಂಕ ಏರಿಸಿತು, ಅರ್ಧ ಬೇಡಿಕೆ ಇನ್ನೊಂದು ದೇಶಕ್ಕೆ ಹೋಯಿತು, ಅರ್ಧ ಜನ ಮನೆಗೆ ಹೋದರು. ಇದನ್ನು ಹೇಳಲು ಅವನು ಮೊದಲು ಬರೆದದ್ದು 'ಜಾಗತಿಕ ವಾಣಿಜ್ಯ ಒಪ್ಪಂದಗಳ ಮರುಪರಿಶೀಲನೆಯ ಹಿನ್ನೆಲೆಯಲ್ಲಿ' ಎಂದು. ಪೆಟ್ಟಿಗೆ ನಿಂತಿತು, ಸುಟ್ಟ ವಾಸನೆಯೂ ಬಂತು.

"ನಿನ್ನ ಒಪ್ಪಂದಕ್ಕೆ ಡಾಕ್ಟರ ಅಂಗಿ ಬಲಿಯಾಯ್ತು ನೋಡಪ್ಪ" ಎಂದರು ಅತ್ತಿಗೆ.

ಹದಿನೇಳನೆಯ ಸಲಕ್ಕೆ ಅದು ಹೀಗಾಯಿತು: 'ಕಡಲಾಚೆ ಒಂದು ಕಚೇರಿಯಲ್ಲಿ ಯಾರೋ ಒಂದು ಅಂಕಿ ತಿದ್ದಿದರು. ಇಲ್ಲಿ ಅರ್ಧ ಮೆಷಿನುಗಳಿಗೆ ಮುಸುಕು ಬಿತ್ತು.' ಪೆಟ್ಟಿಗೆ ಓಡುತ್ತಲೇ ಇತ್ತು.

ಕಥೆಯ ಜೀವ ಮಾತ್ರ ಅವನು ಬರೆದದ್ದಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಎಡಗೈ ಗವಸಿನ ಹೆಬ್ಬೆರಳನ್ನೇ ಹೊಲಿದು ಹೆಬ್ಬೆರಳಕ್ಕ ಎನಿಸಿಕೊಂಡ ಹೆಂಗಸೊಬ್ಬಳು ಅವನ ಧ್ವನಿಮುದ್ರಣ ಯಂತ್ರದ ಮುಂದೆ ಹೇಳಿದ್ದಳು: "ಆ ಕೈ ಯಾರದ್ದೋ ಗೊತ್ತಿಲ್ಲ, ಅಳತೆ ಗೊತ್ತು. ಈಗ ಆ ಕೈಗೆ ನಾವು ಬೇಡವಂತೆ."

ಪ್ರಸಾರದ ಹಿಂದಿನ ದಿನ ಅವಳೇ ಇಸ್ತ್ರಿ ಕೋಣೆಗೆ ಬಂದಳು. ಹೊರಗೆ ಬಾಯಿ ಬಿಟ್ಟವರಿಗೆ ಕೆಲಸವಿಲ್ಲ ಎಂದು ಕಾರ್ಖಾನೆಯಲ್ಲಿ ಹೇಳಿದ್ದರು; ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನನ್ನ ದನಿ ತೆಗೆದುಬಿಡಿ ಎಂದಳು. ಅವನು ಅವಳೆದುರೇ ಅಳಿಸಿದ. ಆಮೇಲೆ, ನಿಮ್ಮ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸಲೇ ಎಂದು ಕೇಳಿದ, ಅವಳು ಒಪ್ಪಿದಳು. ಗುರುತು ಸಿಗದಿರಲೆಂದು ವರ್ಷದ ಲೆಕ್ಕ, ಹೆಬ್ಬೆರಳು ಎರಡನ್ನೂ ಬಿಟ್ಟು, ಉಳಿದ ಮಾತನ್ನು ಅತ್ತಿಗೆಯಿಂದ ಹೇಳಿಸಿದ. ಅವರು ಇಸ್ತ್ರಿ ನಿಲ್ಲಿಸದೆಯೇ ಹೇಳಿದರು.

ಮರುದಿನ ಅದೇ ಕೋಣೆಯಲ್ಲಿ ನಾವು ರೇಡಿಯೊ ಕೇಳುತ್ತಿದ್ದೆವು. ಬಟ್ಟೆ ಒಯ್ಯಲು ಬಂದಿದ್ದ ಹೆಂಗಸು, ಕಾರ್ಖಾನೆಯಿಂದ ಹೊರಬಿದ್ದವಳು, ಆ ಮಾತು ಬರುತ್ತಲೇ ನಕ್ಕಳು. "ದನಿ ಯಾರದ್ದೋ. ಮಾತು ನಮ್ಮ ಹೆಬ್ಬೆರಳಕ್ಕಂದು. ಮೆಷಿನ್ ಮುಂದೆ ಕೂತು ದಿನಾ ಇದನ್ನೇ ಹೇಳ್ತಾಳೆ."

ಅವನು ದಡಕ್ಕನೆ ಎದ್ದ. ಜೀವಮಾನವೆಲ್ಲ ಕಿವಿಗಾಗಿ ಬರೆದವನು, ಈ ಮಾತು ಎಷ್ಟು ಕಿವಿಗೆ ಆಗಲೇ ಬಿದ್ದಿದೆ ಎಂದು ಕೇಳಲು ಮರೆತಿದ್ದ. ಕಾರ್ಖಾನೆಯ ಒಳಗೂ ರೇಡಿಯೊ ಇತ್ತು. ಕೋಟು ಹಾಕಿಕೊಂಡು ಗೇಟಿನ ಕಡೆ ಹೊರಟ. ಆ ದಿನ ಅವನ ನಡಿಗೆಯಲ್ಲಿ ಒಂದು ಅಲ್ಪವಿರಾಮವೂ ಇರಲಿಲ್ಲ. ನಾನು ಓಡಿ ಜೊತೆಯಾದೆ. ಪಾಳಿ ಬಿಡುವವರೆಗೆ ಎರಡು ಗಂಟೆ ಗೋಡೆಗೆ ಒರಗಿ ನಿಂತೆವು. ಅವನು ಗುನುಗಲೂ ಇಲ್ಲ.

ಅವಳು ಎಲ್ಲರ ನಡುವೆ ಹೊರಬಂದಳು. ಗೇಟು ದಾಟಿ, ತಿರುವಿನಲ್ಲಿ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ನಿಂತಳು.

"ಸೂಪರ್‌ವೈಸರ್ ರೇಡಿಯೊ ಜೋರು ಮಾಡಿ ಸಾಲಿನ ತುದೀಲಿ ನಿಂತಿದ್ದ, ಅಣ್ಣ. ಯಾರು ಯಾರ ಮುಖ ನೋಡ್ತಾರೆ ಅಂತ ಕಾಯ್ತಿದ್ದ. ನಲವತ್ತು ಮೆಷಿನ್ನು, ಒಂದೂ ನಿಲ್ಲಲಿಲ್ಲ. ಒಬ್ಬರೂ ತಲೆ ಎತ್ತಲಿಲ್ಲ."

"ನಿಮ್ಮದು?" ಎಂದು ಅವನು ಕೇಳಿದ.

"ಓಡ್ತಾನೇ ಇತ್ತು. ಹೊಲಿಗೆ ಸೊಟ್ಟ ಆಯ್ತು. ಬಿಚ್ಚಿ ಮತ್ತೆ ಹಾಕಿದೆ."

ಅವನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಕೋಟಿನೊಳಗೆ ಕಾಗದಗಳು ಸದ್ದು ಮಾಡಿದವು. ಮುಂದೆ ಯಾರಾದರೂ ಆ ಕಾರ್ಯಕ್ರಮವನ್ನು ಹೊಗಳಿದರೆ, ಅದನ್ನು ನಲವತ್ತು ಜನ ಸೇರಿ ಬರೆದರು ಎನ್ನುತ್ತಿದ್ದ. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವನು ಬಿಡಿಸಿ ಹೇಳುತ್ತಲೂ ಇರಲಿಲ್ಲ. ಕಾರ್ಖಾನೆ ಮುಚ್ಚಿ ಹೆಬ್ಬೆರಳಕ್ಕ ಮಗಳ ಊರಿಗೆ ಹೋದಮೇಲಷ್ಟೇ ನಾನೂ ಬಾಯಿಬಿಡುತ್ತಿದ್ದೇನೆ.

ಕೊನೆಯ ತಿಂಗಳಲ್ಲಿ ಶ್ವಾಸಕೋಶದ ಕಾಯಿಲೆ ಅವನ ಉಸಿರನ್ನು ನಾಲ್ಕು ಪದಕ್ಕೆ ಇಳಿಸಿತ್ತು. ಅದರಲ್ಲೂ ಅವನಿಗೆ ತಮಾಷೆ. "ಈಗ ಬರವಣಿಗೆ ಪಳಗಿದೆ ಕಣೋ" ಎಂದ ಒಂದು ಬೆಳಿಗ್ಗೆ, ನಾಲ್ಕೇ ಪದದಲ್ಲಿ.

ಇದಿಷ್ಟನ್ನೂ ನಿನ್ನೆ ಅತ್ತಿಗೆಗೆ ಓದಿ ಹೇಳಿದೆ. ಅವರು ಅವನ ಕೋಟಿಗೇ ಇಸ್ತ್ರಿ ಹಾಕುತ್ತಿದ್ದರು. ಉಸಿರಿನ ಮಾತು ಬಂದಾಗ ಪೆಟ್ಟಿಗೆ ನಿಂತಿತು. ಅವನ ಶಾಸ್ತ್ರದ ಪ್ರಕಾರ ಆ ವಾಕ್ಯಕ್ಕೆ ಕಾಟು ಹಾಕಬೇಕಿತ್ತು. ಹಾಕಿಲ್ಲ, ಅವನು ಕ್ಷಮಿಸಲಿ.

ಪುಸ್ತಕ ಬರೆದವರ ಹೆಸರು ಬೆನ್ನುಪಟ್ಟಿಯ ಮೇಲಾದರೂ ಉಳಿಯುತ್ತದೆ. ಇವನ ಕುಲದವರು ಪುಟ ತಿರುಗಿಸಲು ಕೈಗೆ ಬಿಡುವಿಲ್ಲದವರಿಗಾಗಿ ಬರೆಯುತ್ತಾರೆ. ಅವರ ಮಾತು ಗಾಳಿಯಲ್ಲಿ ಬಂದು, ಯಾರದೋ ಕೆಲಸದ ಪಕ್ಕ ಒಂದು ಗಳಿಗೆ ಕೂತು, ಹೆಸರು ಹೇಳದೆ ಎದ್ದುಹೋಗುತ್ತದೆ. ಕೇಳುವವರು ಯಾರೋ ಅವರಿಗೂ ಗೊತ್ತಿರುವುದಿಲ್ಲ. ಅಳತೆ ಗೊತ್ತಿರುತ್ತದೆ.