ಹಬೆಮನೆಯಲ್ಲಿ ನಿಂತ ಎದೆಬಡಿತ

ಕಝಾಕಸ್ತಾನದ ಶಿಮ್ಕೆಂತ್‌ನಲ್ಲಿ ನಮ್ಮ ಓಣಿಯ ಹೆಂಗಸರು ಗುರುವಾರ ಮೀಯಲು ಹಬೆಮನೆಗೆ ಹೋಗುವುದು ವಾಡಿಕೆ. ಆ ಸಲ ನನ್ನ ತಾಯಿ ಕುಲ್ಪಾಶ್ ಮತ್ತು ಅತ್ತೆ ರಿಸ್ತಿ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಈ ಬೀಗಿತ್ತಿಯರಿಗೆ ಒಬ್ಬರನ್ನೊಬ್ಬರು ಕೆಣಕದೆ ಹೊತ್ತು ಹೋಗುತ್ತಿರಲಿಲ್ಲ.

"ಏನ್ ಬೀಗಿತ್ತಿ, ಇಷ್ಟಕ್ಕೇ ಬೆವರಿಬಿಟ್ರಾ? ನಮ್ಮ ಕಡೆ ಇದನ್ನ ಚಳಿ ಅಂತಾರೆ," ಎಂದರು ಅತ್ತೆ.

"ನಿಮ್ಮ ಕಡೆಯೋರದ್ದು ಒಂಟೆ ಚರ್ಮ, ಬಿಡಿ," ಎಂದಳು ಅಮ್ಮ.

ಅತ್ತೆ ನಗುತ್ತಲೇ ಬಟ್ಟೆ ಬದಲಿಸುವ ಕೋಣೆಗೆ ಬಂದರು. ಬೆಂಚಿನ ಮೇಲೆ ಕೂರಲು ಹೋದವರು ನೆಲಕ್ಕೆ ಕುಸಿದರು. ಕರೆದರೆ ಓಗೊಡಲಿಲ್ಲ. ಬಾಯಿ ಒಮ್ಮೆ ತೆರೆದು ಗೊರ್ ಎಂದಿತು.

"ಉಸಿರಿದೆ, ನೀರು ಚಿಮುಕಿಸಿ," ಎಂದರು ಯಾರೋ.

"ಅದು ಉಸಿರಲ್ಲ ಕಣ್ರೀ!" ಅಮ್ಮ ಮಂಡಿಯೂರಿದಳು. ಹತ್ತಿ ಗಿರಣಿಯ ಕೆಲಸದಲ್ಲಿದ್ದಾಗ ಗೊಂಬೆಯ ಮೇಲೆ ಕಲಿಸಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಿಸದೆ, ಅತ್ತೆಯ ಎದೆಯ ನಡುವೆ ರಭಸದಿಂದ ಒತ್ತತೊಡಗಿದಳು. "ನಿಂತು ನೋಡ್ತೀಯೇನೇ? ಆಂಬುಲೆನ್ಸಿಗೆ ಫೋನ್ ಮಾಡು!"

ನಾನು ಫೋನ್ ಮಾಡಿ ಮುಗಿಸುವಷ್ಟರಲ್ಲಿ ಹಬೆಮನೆ ನೋಡಿಕೊಳ್ಳುವ ಝಿಬಾಶ್ ಗೋಡೆಗೆ ತೂಗುಹಾಕಿದ್ದ ಡಿಫಿಬ್ರಿಲೇಟರ್, ನಿಂತ ಎದೆಗೆ ಶಾಕ್ ಕೊಡುವ ಯಂತ್ರ, ಎತ್ತಿಕೊಂಡು ಓಡಿಬಂದಳು. ತೆರೆದೊಡನೆ ಅದು ಮಾತಾಡಿತು. ಅದು ಹೇಳಿದಂತೆ ಅತ್ತೆಯ ಒದ್ದೆ ಎದೆ ಒರೆಸಿ, ಒಂದು ಪಟ್ಟಿಯನ್ನು ಬಲ ಭುಜದ ಕೆಳಗೆ, ಇನ್ನೊಂದನ್ನು ಎಡ ಪಕ್ಕೆಗೆ ಅಂಟಿಸಿದೆವು.

"ಯಾರೂ ಮುಟ್ಟಬೇಡಿ," ಎಂದಿತು ಯಂತ್ರ.

ಅಮ್ಮನ ಕೈ ಮೇಲೇಳಲೇ ಇಲ್ಲ. "ಬಿಡಮ್ಮಾ!" ಎಂದು ಹಿಂದಕ್ಕೆಳೆದೆ. ಝಿಬಾಶ್ ಗುಂಡಿ ಒತ್ತಿದಳು. ಅತ್ತೆಯ ಮೈ ಒಮ್ಮೆ ಅದುರಿ ಮತ್ತೆ ಸುಮ್ಮನಾಯಿತು. ಒತ್ತುವುದನ್ನು ಮುಂದುವರಿಸಿ ಎಂದಿತು ಯಂತ್ರ. ಅಮ್ಮ ಸೋತಿದ್ದಳು, ಅವಳ ಜಾಗದಲ್ಲಿ ನಾನು ಕೂತು ಒತ್ತತೊಡಗಿದೆ. ಅಂಗೈ ಕೆಳಗೆ ಏನೋ ಲಟಕ್ಕೆಂದಾಗ ಕೈ ತಡೆದೆ.

"ಮುರಿದ್ರೆ ಮುರೀಲಿ, ನಿಲ್ಲಿಸ್ಬೇಡ!" ಎಂದಳು ಅಮ್ಮ.

ಎಷ್ಟು ಹೊತ್ತಾಯಿತೋ. ಯಾರೋ ನನ್ನ ಮಣಿಕಟ್ಟನ್ನು ದೂಡಿದಂತಾಯಿತು. ಅದು ಅತ್ತೆಯ ಕೈ.

 ಅತ್ತೆಯ ಕುತ್ತಿಗೆಯ ಮೇಲೆ ಬೆರಳಿಟ್ಟೆ. ಒಳಗಿನಿಂದ ಮೆಲ್ಲಗೆ, ಮತ್ತೆ ಮತ್ತೆ ತಟ್ಟುತ್ತಿತ್ತು. ನಾನು ಹೆತ್ತ ಮಗುವಿನ ಮೊದಲ ಅಳು ಕೇಳಿದಾಗಲೂ ಇಷ್ಟು ಬೆರಗಾಗಿರಲಿಲ್ಲ. ನಿಂತು ಹೋಗಿದ್ದದ್ದು ಈಗ ತಾನಾಗಿಯೇ ನಡೆಯುತ್ತಿತ್ತು, ನಮ್ಮ ಯಾರ ಹಂಗೂ ಇಲ್ಲದೆ.

ಮರುದಿನ ಆಸ್ಪತ್ರೆಯಲ್ಲಿ ಅತ್ತೆ ಪಿಸುದನಿಯಲ್ಲಿ ಕೇಳಿದರು: "ನನ್ನ ಪಕ್ಕೆಲುಬು ಮುರಿದವರು ಯಾರು?"

"ನಿಮ್ಮ ಮುದ್ದಿನ ಸೊಸೆ," ಎಂದಳು ಅಮ್ಮ. ಬಂದಾಗಿನಿಂದ ಅವರ ನಾಡಿ ಹಿಡಿದೇ ಕೂತಿದ್ದಳು.

"ಇನ್ನೂ ಯಾಕೆ ಹಿಡ್ಕೊಂಡಿದ್ದೀರಿ? ಓಡ್ತಾ ಇದೆ ತಾನೆ?"

"ಓಡ್ತಾ ಇದೆ. ಸುಮ್ನಿರಿ, ಕೇಳಿಸ್ಕೋತಾ ಇದ್ದೀನಿ."

ನರ್ಸ್ ಬಂದು ಗದರಿಸುವವರೆಗೂ ಅಮ್ಮ ಆ ಕೈ ಬಿಡಲಿಲ್ಲ.