ಪಾದವಿಲ್ಲದ ಗುರುವಿಗೆ ಪಾದಪೂಜೆ

ಮಾಚೇನಹಳ್ಳಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿ ಇಟ್ಟುಕೊಂಡಿದ್ದ ಶಿವಯೋಗಪ್ಪನವರಿಗೆ ಗುರುಗಳೆಂದರೆ ಅಪಾರ ಭಕ್ತಿ. ಯಾವ ಗುರುಗಳು ಎಂಬ ಹಠ ಅವರಿಗಿರಲಿಲ್ಲ, ಜನ ಸೇರುವಂಥವರಾಗಿದ್ದರೆ ಸಾಕಿತ್ತು. ಶಿವಮೊಗ್ಗದ ಸವಳಂಗ ರಸ್ತೆಯ ಅವರ ಮನೆಯ ಗೋಡೆಯಲ್ಲಿ ಹನ್ನೊಂದು ಫೋಟೊಗಳಿದ್ದವು. ಹನ್ನೊಂದರಲ್ಲೂ ಅವರು ಬಗ್ಗಿ ಯಾರದೋ ಪಾದ ತೊಳೆಯುತ್ತಿದ್ದರು. ಹನ್ನೊಂದರಲ್ಲೂ ಕೈ ಪಾದದ ಮೇಲಿತ್ತು, ಮುಖ ಕ್ಯಾಮೆರಾದ ಕಡೆಗಿತ್ತು.

ತೊಂಬತ್ತೆಂಟರ ಕಾರ್ತಿಕದಲ್ಲಿ ಅವರಿಗೆ ಹನ್ನೆರಡನೆಯ ಫೋಟೊ ತುರ್ತಾಗಿ ಬೇಕಾಗಿತ್ತು. ಮಾಚೇನಹಳ್ಳಿಯ ಉದ್ದಿಮೆದಾರರ ಸಂಘದ ಅಧ್ಯಕ್ಷ ಸ್ಥಾನಕ್ಕೆ ಅವರು ಮೂರನೆಯ ಸಲ ನಿಂತಿದ್ದರು. ಹಿಂದಿನ ಎರಡು ಸಲವೂ ಪೈಪ್ ಫ್ಯಾಕ್ಟರಿಯ ರೇಣುಕಾಪ್ರಸಾದ್ ಎದುರು ಸೋತಿದ್ದರು. ಎರಡು ಸಲ ಸೋತವನನ್ನು ಜನ ಅಯ್ಯೋ ಪಾಪ ಅನ್ನುತ್ತಾರೆ, ಮೂರನೆಯ ಸಲ ಸೋತರೆ ನಗುತ್ತಾರೆ. ಚುನಾವಣೆಗೆ ಹತ್ತು ದಿನವಿತ್ತು. ಲಾರಿ ಬಾಡಿ ಕಟ್ಟುವವರು, ವೆಲ್ಡಿಂಗ್‌ನವರು, ಲೇಥಿನವರು ಸೇರಿ ನಲವತ್ತು ವೋಟು ಯಾವ ಕಡೆ ವಾಲುತ್ತವೆಂದು ಯಾರಿಗೂ ತಿಳಿದಿರಲಿಲ್ಲ. ಆ ನಲವತ್ತು ಜನ ಗುರ್ಮೇಲ್ ಸಿಂಗನ ಮಾತು ಕೇಳುತ್ತಾರೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು.

ಗುರ್ಮೇಲ್ ಸಿಂಗನ ಅಪ್ಪ ಲಾರಿ ರಿಪೇರಿಗೆಂದು ಪಂಜಾಬಿನಿಂದ ಭದ್ರಾವತಿಗೆ ಬಂದು ಅಲ್ಲೇ ನೆಲೆ ನಿಂತವನು. ಮಗ ಭದ್ರಾವತಿಯಲ್ಲೇ ಹುಟ್ಟಿ, ಕಾರ್ಖಾನೆ ಗೇಟಿನ ಕನ್ನಡ ಕಲಿತು, ಬೈಯುವಾಗ ಮಾತ್ರ ತಮಿಳು ಬಳಸುತ್ತಿದ್ದ. ತಲೆಯ ಮೇಲೆ ಪಗಡಿ, ಕೈಯಲ್ಲಿ ಉಕ್ಕಿನ ಬಳೆ. ಲಾರಿಯ ಹಾಳಾದ ಸ್ಪ್ರಿಂಗ್ ಪಟ್ಟಿಗೆ ಬಣ್ಣ ಬಳಿದು ಹೊಸದೆಂದು ಕೊಡುವವನಲ್ಲ. ದುಡಿದು ತಿನ್ನು, ದೇವರ ಹೆಸರು ಮರೆಯಬೇಡ, ಹಂಚಿ ತಿನ್ನು, ಇಷ್ಟೇ ನಮ್ಮ ಧರ್ಮ ಎಂದು ಅವನು ಒಮ್ಮೆ ಹೇಳಿದ್ದಾಗ ಶಿವಯೋಗಪ್ಪನವರು, ಇದನ್ನೇ ನಮ್ಮವರು ಕಾಯಕ, ದಾಸೋಹ ಅಂತ ಎಂಟುನೂರು ವರ್ಷದ ಹಿಂದೆಯೇ ಹೇಳಿದ್ದಾರೆಂದು ಮುಕ್ಕಾಲು ಗಂಟೆ ಭಾಷಣ ಮಾಡಿದ್ದರು. ಭಾಷಣದ ಉದ್ದಕ್ಕೂ ಅವರ ಫೌಂಡ್ರಿಗೆ ಬಂದ ಬೋಲ್ಟಿನ ಮೂಟೆಗಳನ್ನು ಲಾರಿಯಿಂದ ಗುರ್ಮೇಲನೇ ಇಳಿಸಿದ್ದ.

ಹುಣ್ಣಿಮೆ ಕಳೆದ ಭಾನುವಾರ ತನ್ನ ಲಾರಿ ರಿಪೇರಿ ಶೆಡ್ಡಿನಲ್ಲಿ ಗುರುನಾನಕರ ಜಯಂತಿ ಇದೆ, ಬೆಂಗಳೂರಿನಿಂದ ಗುರು ಮಹಾರಾಜರು ಬರುತ್ತಾರೆ, ಊಟಕ್ಕೆ ಬನ್ನಿ ಎಂದು ಅವನು ಕರೆದಾಗ ಶಿವಯೋಗಪ್ಪನವರ ಕಿವಿ ನೆಟ್ಟಗಾಯಿತು. ಮಠದ ಸಮಿತಿಯಲ್ಲಿ ಇಪ್ಪತ್ತು ವರ್ಷ ಇದ್ದವರು, ಗುರುಗಳನ್ನು ಬರಮಾಡಿಕೊಳ್ಳುವುದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿದರು. ರಾತ್ರಿ ತಂಗಲು ಏರ್ಪಾಡು ಏನು ಎಂದರು. ಪ್ರತ್ಯೇಕ ಕೋಣೆ, ಮಂಚ, ಮಡಿ ಹೊದಿಕೆ ಇದೆ, ಬೆಳಗಿನ ಜಾವಕ್ಕೇ ಹೊರಗೆ ಕರೆತರುತ್ತೇವೆ ಎಂದ ಗುರ್ಮೇಲ್. ಆಹಾರ ಏನು ಎಂದರು. ಗುರುಗಳು ಏನೂ ತಿನ್ನುವುದಿಲ್ಲ ಎಂದ. ವಯಸ್ಸೆಷ್ಟು ಎಂದರು. ಹತ್ತಿರ ಹತ್ತಿರ ನಾನೂರು ಎಂದ. ಪೀಠದ ವಯಸ್ಸು ಹೇಳುತ್ತಿದ್ದಾನೆಂದು ಶಿವಯೋಗಪ್ಪನವರು ತಿಳಿದರು. ನಾನೂರು ವರ್ಷದ ಪೀಠ, ನಿರಾಹಾರಿ ಸ್ವಾಮಿಗಳು, ಎದುರಿಗೆ ನಲವತ್ತು ವೋಟು. ಇಂಥ ಯೋಗ ದಿನಾ ಬರುತ್ತದೆಯೇ?

ಭಾನುವಾರ ಅವರು ರೇಷ್ಮೆ ಪಂಚೆ ಉಟ್ಟು, ಬೆಳ್ಳಿ ತಟ್ಟೆ, ಬೆಳ್ಳಿ ತಂಬಿಗೆ, ಜರಿಯಂಚಿನ ಬಿಳಿ ವಸ್ತ್ರ, ಆಳೆತ್ತರದ ಹಾರ ಹಿಡಿಸಿಕೊಂಡು ಕಾರಿನಿಂದ ಇಳಿದರು. ಜೊತೆಗೆ ಹೆಂಡತಿ ಜಯಶೀಲಾ ಮತ್ತು ಸ್ಟುಡಿಯೋ ನಿರಂಜನ. ಅವರದೇ ಬೀದಿಯ ಆ ಫೋಟೊಗ್ರಾಫರ್ ಹನ್ನೊಂದು ಫೋಟೊ ತೆಗೆದವನು. ಜಯಶೀಲಾ ದಾರಿಯಲ್ಲೇ ಒಂದು ಮಾತು ಕೇಳಿದ್ದರು, ಅವರ ಪದ್ಧತಿ ಹೇಗೋ ಏನೋ, ಮೊದಲು ವಿಚಾರಿಸಬಾರದೇ ಎಂದು. ಪಾದ ಇಲ್ಲದ ಗುರು ಎಲ್ಲಾದರೂ ಇದ್ದಾರೇನು ಎಂದು ಗಂಡ ಬಾಯಿ ಮುಚ್ಚಿಸಿದ್ದರು.

ಶೆಡ್ಡು ಗುರುತು ಸಿಗದಷ್ಟು ಚೊಕ್ಕಟವಾಗಿತ್ತು. ಗ್ರೀಸಿನ ನೆಲದ ಮೇಲೆ ಬಿಳಿ ಹಾಸು, ಎದುರಿಗೆ ಮೇಲ್ಕಟ್ಟಿನ ಕೆಳಗೆ ದಿಂಬು ಹಾಸಿದ ಪುಟ್ಟ ಪೀಠ. ಎಲ್ಲರೂ ತಲೆ ಮುಚ್ಚಿಕೊಂಡು ನೆಲದಲ್ಲೇ ಕೂತಿದ್ದರು. ಶಿವಯೋಗಪ್ಪನವರಿಗೂ ಒಂದು ಕರವಸ್ತ್ರ ಕಟ್ಟಿದರು. ಅತಿಥಿಗಳ ಕುರ್ಚಿ ಎಲ್ಲಿ ಎಂದು ಅವರು ಸುತ್ತ ನೋಡುವಷ್ಟರಲ್ಲಿ ಎಲ್ಲರೂ ಎದ್ದು ನಿಂತರು. ಬರಿಗಾಲಿನ ಗುರ್ಮೇಲ್ ತಲೆಯ ಮೇಲೆ ರೇಷ್ಮೆ ಹೊದಿಸಿದ ದಪ್ಪ ಗ್ರಂಥ ಹೊತ್ತು ಒಳಗೆ ಬಂದ. ಹಿಂದೆ ಒಬ್ಬ ಚಾಮರ ಬೀಸುತ್ತಿದ್ದ. ಗ್ರಂಥವನ್ನು ಪೀಠದ ಮೇಲೆ ಇಳಿಸಿದರು, ಹೊದಿಕೆ ತೆರೆದರು, ಎಲ್ಲರೂ ಹಣೆ ನೆಲಕ್ಕೆ ಮುಟ್ಟಿಸಿದರು.

ಶಿವಯೋಗಪ್ಪನವರು ತಟ್ಟೆ ಹಿಡಿದು ಬಾಗಿಲ ಕಡೆಗೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದು ಗುರ್ಮೇಲನ ಕಿವಿಯಲ್ಲಿ ಕೇಳಿದರು.

"ಗುರುಗಳು ಕಾರಲ್ಲೇ ಇದಾರಾ?"

"ಬಂದಾಯ್ತಲ್ಲ ಸಾರ್. ಅಲ್ಲೇ ಕೂತಿದಾರೆ."

"ಅದು ಪುಸ್ತಕ ಕಣಯ್ಯ."

"ಅವರೇ ನಮ್ಮ ಗುರು. ಮನುಷ್ಯ ಗುರುಗಳು ಹತ್ತು ಜನ ಇದ್ರು. ಹತ್ತನೆಯವರು, ಇನ್ಮೇಲೆ ಮನುಷ್ಯರು ಬೇಡ, ಈ ಗ್ರಂಥನೇ ಗುರು ಅಂದ್ಬಿಟ್ರು." ಗುರ್ಮೇಲನ ಕಣ್ಣು ಬೆಳ್ಳಿ ತಟ್ಟೆಯ ಮೇಲೆ ಬಿತ್ತು. ಅವನಿಗೆ ಎಲ್ಲ ಅರ್ಥವಾಯಿತು, ಆದರೆ ನಗಲಿಲ್ಲ. "ಪಾದ ಇಲ್ಲ ಸಾರ್. ಮಾತು ಮಾತ್ರ ಇದೆ."

ಶಿವಯೋಗಪ್ಪನವರಿಗೆ ಗ್ರಂಥದ ಮೇಲೆ ಬೇಸರವಾಗಲಿಲ್ಲ, ಆ ಹತ್ತನೆಯವರ ಮೇಲೆ ಆಶ್ಚರ್ಯವಾಯಿತು. ಸೀಟಿಗಾಗಿ ಹೊಡೆದಾಡುವವರನ್ನು ಕಂಡಿದ್ದರು, ಸೀಟನ್ನು ಮಗನಿಗೆ ಬಿಟ್ಟುಹೋಗುವವರನ್ನು ಕಂಡಿದ್ದರು. ತಾನು ಕೂತ ಸೀಟನ್ನು ತಾನೇ ರದ್ದು ಮಾಡಿ ಹೋದ ಮನುಷ್ಯ, ಚುನಾವಣೆಗೆ ನಿಂತವರ ಪಾಲಿಗೆ, ತೀರ ಅಪಾಯದವನು.

ಆದರೂ ಶಿವಯೋಗಪ್ಪನವರು ವ್ಯವಹಾರಸ್ಥರು. ಬಂದ ಮೇಲೆ ಏನಾದರೂ ಸೇವೆ ಮಾಡಿಯೇ ಹೋಗುತ್ತೇನೆ ಎಂದರು. ಗುರ್ಮೇಲ್ ಮೂರು ಕಡೆ ಕೈ ತೋರಿಸಿದ. ಒಲೆಯ ಮುಂದೆ ರೊಟ್ಟಿ ಸುಡಬಹುದು, ತೊಟ್ಟಿಯ ಹತ್ತಿರ ಪಾತ್ರೆ ಉಜ್ಜಬಹುದು, ಬಾಗಿಲಲ್ಲಿ ಕೂತು ಬಂದವರ ಚಪ್ಪಲಿ ಒರೆಸಿ ಜೋಡಿಸಬಹುದು. ಬೆಂಕಿ ಅವರಿಗೆ ಫೌಂಡ್ರಿಯಲ್ಲೇ ಸಾಕಷ್ಟಿತ್ತು. ಪಾತ್ರೆ ಉಜ್ಜಿದರೆ ರೇಷ್ಮೆ ಪಂಚೆ ಹಾಳಾಗುತ್ತಿತ್ತು. ಚಪ್ಪಲಿಯ ಜಾಗ ಬಾಗಿಲಲ್ಲೇ ಇತ್ತು, ಬೆಳಕು ಚೆನ್ನಾಗಿ ಬೀಳುತ್ತಿತ್ತು, ಊಟ ಮುಗಿಸಿ ಹೊರಡುವ ನಲವತ್ತು ವೋಟೂ ಅಲ್ಲೇ ಹಾದು ಹೋಗಬೇಕಿತ್ತು. ಉದ್ಯಮಿಯಿಂದ ಪಾದರಕ್ಷೆಯ ಸೇವೆ ಎಂದು ಪತ್ರಿಕೆಯಲ್ಲಿ ಬಂದರೆ ರೇಣುಕಾಪ್ರಸಾದನ ಪೈಪು ಒಡೆದಂತೆಯೇ. ಪಾದ ಒರೆಸಲು ತಂದಿದ್ದ ಜರಿ ವಸ್ತ್ರ ಹಿಡಿದು ಅವರು ಕೂತೇಬಿಟ್ಟರು. ನಿರಂಜನನನ್ನು ಕರೆಯಿರಿ ಎಂದರು.

ನಿರಂಜನ ಆಗಲೇ ಪಂಕ್ತಿಯಲ್ಲಿ ಕೂತಿದ್ದ. ಅಲ್ಲಿ ಮಾಲೀಕರದ್ದೊಂದು ಸಾಲು, ಆಳಿನದ್ದೊಂದು ಸಾಲು ಇರಲಿಲ್ಲ. ಜಯಶೀಲಾ ರಸ್ತೆ ಗುಡಿಸುವ ದ್ಯಾಮಮ್ಮನ ಪಕ್ಕದಲ್ಲಿ ಕೂತು, ಎರಡೂ ಕೈ ಒಡ್ಡಿ ರೊಟ್ಟಿ ಹಾಕಿಸಿಕೊಂಡು, ಬೇಳೆಗೆ ಏನು ಒಗ್ಗರಣೆ ಹಾಕಿದ್ದಾರೆಂದು ಅವಳ ಜೊತೆ ಚರ್ಚೆಗಿಳಿದಿದ್ದರು. ಪಾಯಸ ಬರುವ ತನಕ ಏಳುವುದಿಲ್ಲ ಎಂದು ನಿರಂಜನ ಹೇಳಿ ಕಳಿಸಿದ.

ಹೀಗಾಗಿ ಶಿವಯೋಗಪ್ಪನವರು ಕ್ಯಾಮೆರಾ ಬರುವವರೆಗೆ ಚಪ್ಪಲಿ ಒರೆಸಬೇಕಾಯಿತು. ಮೊದಲ ನಾಲ್ಕು ಜೋಡಿಯನ್ನು ಬೆರಳ ತುದಿಯಲ್ಲಿ ಹಿಡಿದರು. ಹತ್ತನೆಯದರ ಹೊತ್ತಿಗೆ ಕೈ ಪಳಗಿತು. ಅಷ್ಟರಲ್ಲಿ ಒಂದು ಹವಾಯಿ ಚಪ್ಪಲಿ ಕೈಗೆ ಬಂತು. ನೀಲಿ ಪಟ್ಟಿ ಕಿತ್ತುಹೋಗಿ ಹಳದಿ ಪಟ್ಟಿ ಹಾಕಿತ್ತು, ಅದನ್ನೂ ತಾಮ್ರದ ತಂತಿಯಲ್ಲಿ ಬಿಗಿದಿತ್ತು. ಅಂಚಿನ ಸುತ್ತ ಹುರುಳಿಕಾಳಿನ ಗಾತ್ರದ ತೂತುಗಳು. ಅವು ಎಂಥ ತೂತುಗಳೆಂದು ಎರಕದ ಕೆಲಸದವರಿಗೆ ಯಾರೂ ಹೇಳಬೇಕಿಲ್ಲ. ತಂತಿಯೂ ಅವರ ಫೌಂಡ್ರಿಯದೇ ಆಗಿತ್ತು.

ಊಟ ಮುಗಿಸಿ ಬಂದ ಷಣ್ಮುಖಪ್ಪ ಬಾಗಿಲಲ್ಲಿ ಕಲ್ಲಾಗಿ ನಿಂತ. ಹತ್ತೊಂಬತ್ತು ವರ್ಷದಿಂದ ಅವರಲ್ಲಿ ಎರಕ ಹೊಯ್ಯುತ್ತಿದ್ದವನು.

"ಬಿಡಿ ಸಾರ್, ನೀವು ಅದನ್ನ ಮುಟ್ಬಾರ್ದು."

"ಎರಕ ಹೊಯ್ವಾಗ ಇದನ್ನೇ ಹಾಕ್ಕೊಳ್ತೀಯಾ?"

"ಮತ್ತಿನ್ನೇನು ಸಾರ್. ಕಿಡಿ ಚಪ್ಪಲಿ ಮೇಲೆ ಬಿದ್ರೆ ಆ ದಿನ ಪುಣ್ಯ."

ಚಪ್ಪಲಿಯ ಮೇಲೆ ಬೀಳದ ಕಿಡಿ ಎಲ್ಲಿ ಬೀಳುತ್ತದೆಂದು ಶಿವಯೋಗಪ್ಪನವರು ಕೇಳಲಿಲ್ಲ. ಪಾದ ಎದುರಿಗೇ ಇತ್ತು. ಬೆರಳುಗಳ ಮೇಲೆ, ಹಿಮ್ಮಡಿಯ ಹತ್ತಿರ ಹಳೆಯ ಬಿಳಿ ಕಲೆಗಳು, ಒಂದೆರಡು ಹೊಸವು. ಅಷ್ಟು ಪಾದ ತೊಳೆದವರು ಒಂದು ಪಾದವನ್ನಾದರೂ ಸರಿಯಾಗಿ ನೋಡಿದ್ದು ಅದೇ ಮೊದಲು. ಅವರು ಚಪ್ಪಲಿಯನ್ನು ಇನ್ನೊಮ್ಮೆ ಒರೆಸಿ ಅವನ ಮುಂದಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ಭಾಷಣಕ್ಕೆ ಸಿಕ್ಕ ಅವಕಾಶ ಬಿಟ್ಟದ್ದು ಅದೊಂದೇ ಸಲ.

ನಿರಂಜನ ಕೈ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಚಪ್ಪಲಿ ಮೆಟ್ಟಿ ಹೋಗಿದ್ದರು. ಒಂದೇ ಜೋಡಿ ಉಳಿದಿತ್ತು.

"ಈಗ ತೆಗೀಲಾ ಸಾರ್?"

"ಇದು ನಂದೇ ಮಾರಾಯ," ಎಂದರು ಶಿವಯೋಗಪ್ಪನವರು.

ವೋಟಿನ ಮಾತನ್ನು ಅವರು ಹೊರಡುವಾಗ ತೆಗೆದರು. ಗುರ್ಮೇಲ್ ಕೈ ಮುಗಿದು, ನನ್ನ ಕೈಲಿರೋದು ನನ್ನದೊಂದೇ ಸಾರ್, ಉಳಿದವರಿಗೆ ಅವರವರ ಬುದ್ಧಿ ಇದೆ ಎಂದ. ಆ ಒಂದು ಯಾರಿಗೆ ಬಿತ್ತೋ ತಿಳಿಯದು. ಶಿವಯೋಗಪ್ಪನವರು ಮೂರು ವೋಟಿನಿಂದ ಸೋತರು. ಜನ ನಕ್ಕರು, ಆದರೆ ಅವರು ಎಣಿಸಿದ್ದಕ್ಕಿಂತ ಕಡಿಮೆ.

ಮರುವಾರ ಫೌಂಡ್ರಿಗೆ ಇಪ್ಪತ್ತೆರಡು ಜೋಡಿ ದಪ್ಪ ಚರ್ಮದ ಬೂಟು ಬಂದವು. ಇನ್ಸ್‌ಪೆಕ್ಟರ್ ಕಾಟ ಎಂದು ಶಿವಯೋಗಪ್ಪನವರು ಎಲ್ಲರಿಗೂ ಹೇಳಿದರು. ಯಾವ ಇನ್ಸ್‌ಪೆಕ್ಟರೂ ಬಂದಿರಲಿಲ್ಲವೆಂದು ಜಯಶೀಲಾಗೆ ಗೊತ್ತಿತ್ತು.

ಮುಂದಿನ ಕಾರ್ತಿಕದಲ್ಲಿ ಶಿವಯೋಗಪ್ಪನವರು ಫೋಟೊಗ್ರಾಫರ್ ಇಲ್ಲದೆ, ಹತ್ತಿಯ ಪಂಚೆಯಲ್ಲಿ ಬಂದು ಅದೇ ಬಾಗಿಲಲ್ಲಿ ಕೂತರು. ತಾವು ಕೊಟ್ಟ ಬೂಟುಗಳನ್ನು ಎಣಿಸಬೇಕೆಂಬ ಆಸೆ ಒಳಗೆ ಇದ್ದೇ ಇತ್ತು. ಹನ್ನೊಂದು ಜೋಡಿ ಸಿಕ್ಕವು. ಆಮೇಲೆ ಕೈಗೆ ಬಂದದ್ದು ಹಳದಿ ಪಟ್ಟಿಯ, ತಂತಿ ಬಿಗಿದ, ತೂತು ಬಿದ್ದ ಹವಾಯಿ ಚಪ್ಪಲಿ.

"ಬೂಟೆಲ್ಲಿ ಮಾರಾಯ?" ಎಂದರು.

ಷಣ್ಮುಖಪ್ಪ ನಾಚಿಕೊಂಡ. "ಅಷ್ಟು ಒಳ್ಳೇ ಬೂಟನ್ನ ಬೆಂಕಿ ಮುಂದೆ ಹಾಕ್ಕೊಂಡು ಹಾಳ್ ಮಾಡೋದಾ ಸಾರ್? ಮಗಳ ಮದುವೆಗೆ ಅಂತ ಪೆಟ್ಟಿಗೇಲಿ ಇಟ್ಟಿದೀನಿ."

ಶಿವಯೋಗಪ್ಪನವರು ಚಪ್ಪಲಿ ಒರೆಸಿ, ಅವನ ಪಾದದ ಮುಂದಿಟ್ಟು, ಮದುವೆ ಯಾವಾಗ ಎಂದು ಕೇಳಿದರು.